ಬಾಟಲಿಗೆ ಕಿವಿಯಿಲ್ಲ

ಜೂನ್ 14

ಮಗಳಿಗೆ,

ಕಾಗದದ ತಲೆಯ ಮೇಲೆ ‘ಪ್ರೀತಿಯ’ ಎಂದು ಬರೆಯುವುದು ನನ್ನ ವಾಡಿಕೆ. ಈ ಸಲ ಬರೆದಿಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು.

ನಿನ್ನೆ ನಮ್ಮ ನಿವೃತ್ತ ಶಿಕ್ಷಕರ ಸಂಘದ ಸಭೆ ಇತ್ತು. ಶಿಕ್ಷಕ ತರಬೇತಿ ಮುಗಿಸದವರನ್ನೂ ಪಾಠಕ್ಕೆ ಹಾಕಬಹುದು ಎಂಬ ಹೊಸ ನಿಯಮ ಬಂದಿದೆಯಲ್ಲ, ಅದನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಇಲಾಖೆಗೆ ಮನವಿ ಕಳಿಸುವ ಸಭೆ. ಕಾರ್ಯದರ್ಶಿ ನಾನೇ ಆದ್ದರಿಂದ ಮಾತೂ ನನ್ನದೇ. ವಿಷಯದಲ್ಲಿ ಒಂದು ಪದವಿ, ಐದು ವರ್ಷ ಬೇರೆ ಎಲ್ಲಾದರೂ ನೌಕರಿ, ರಜೆಯಲ್ಲಿ ಆರು ವಾರದ ಶಿಬಿರ, ಅಷ್ಟಾದರೆ ಕೈಗೊಂದು ತಾತ್ಕಾಲಿಕ ಅರ್ಹತಾ ಪತ್ರ. “ಆರು ವಾರದಲ್ಲಿ ಸೈಕಲ್ಲು ಕಲೀಬಹುದು, ಪಾಠ ಮಾಡೋದಲ್ಲ. ಇವರು ಕೈ ಕಲಿಯೋದು ಯಾರ ಮಕ್ಕಳ ಮೇಲೆ?” ಎಂದೆ. ಚಪ್ಪಾಳೆ ಬಿತ್ತು. ಚಹಾ ಬಂತು. ಆಗ ಪಕ್ಕದಲ್ಲಿದ್ದ ಡ್ರಾಯಿಂಗ್ ಟೀಚರು ನನ್ನ ಕಿವಿಯ ಹತ್ತಿರ ಬಗ್ಗಿ, “ಟೀಚರ್, ಆ ಪಟ್ಟಿಯಲ್ಲಿ ನಿಮ್ಮ ಮಗಳೂ ಇದಾಳಲ್ಲ? ಗಣಿತಕ್ಕೆ?” ಎಂದರು.

ಹೌದು ಎನ್ನಲೇ, ಇಲ್ಲ ಎನ್ನಲೇ? ನನಗೇ ಗೊತ್ತಿರಲಿಲ್ಲವಲ್ಲ! “ಇರಬಹುದು” ಎಂದೆ. ಹೆತ್ತ ಮಗಳ ವಿಷಯದಲ್ಲಿ ‘ಇರಬಹುದು’ ಎಂದ ತಾಯಿ ನಾನೊಬ್ಬಳೇ ಇರಬೇಕು.

ಮನೆಗೆ ಬಂದು ನಿಮ್ಮಪ್ಪನನ್ನು ಕೇಳಿದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರದ ಹೊಟ್ಟೆ ಬಗೆಯುತ್ತಿದ್ದರು. ತಲೆಯೆತ್ತದೆ, “ಹೂಂ, ಏಪ್ರಿಲ್‌ನಲ್ಲೇ ಹೇಳಿದ್ಲು” ಎಂದರು. ಏಪ್ರಿಲ್‌ನಲ್ಲಿ! ಎರಡು ತಿಂಗಳು ಒಂದೇ ಮೇಜಿನಲ್ಲಿ ಊಟ ಮಾಡಿದ್ದೇವೆ. ಆ ಮನುಷ್ಯನ ಬಾಯಿ ತೆರೆದದ್ದು ತುತ್ತಿಗೆ ಮಾತ್ರ.

ನೀರಿನ ಪ್ರಯೋಗಾಲಯದ ಕೆಲಸ ನಿನಗೆ ಕಾಯಂ ಆಗಿತ್ತು. ಅದನ್ನು ಬಿಟ್ಟು ಈ ಅರ್ಧಂಬರ್ಧ ಕೆಲಸಕ್ಕೆ ಯಾಕೆ ಹೋದೆ, ಅದನ್ನು ನನ್ನಿಂದ ಯಾಕೆ ಮುಚ್ಚಿಟ್ಟೆ, ಎರಡಕ್ಕೂ ಉತ್ತರ ಬರೆ. ಮನವಿಗೆ ನಾನು ಹಾಕಿದ ಸಹಿ ಹಾಗೇ ಇದೆ. ಅದನ್ನು ಅಳಿಸುವುದಿಲ್ಲ.

ನಿನ್ನ ಅಮ್ಮ


ಜುಲೈ 2

ಅಮ್ಮಾ,

ನೀನು ‘ಪ್ರೀತಿಯ’ ಬಿಟ್ಟರೂ ನಾನು ‘ಅಮ್ಮಾ’ ಬಿಡುವ ಹಾಗಿಲ್ಲ.

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ. ಹೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ. ನೀನು ಬೇಡ ಎಂದ ಮೇಲೆ ಮಾಡುವ ಧೈರ್ಯ ನನಗೆ ಇವತ್ತಿಗೂ ಇಲ್ಲ. ಅದಕ್ಕೇ ಕೇಳಲಿಲ್ಲ. ಅಪ್ಪನನ್ನು ಬೈಯಬೇಡ, ಯಾರಿಗೂ ಹೇಳಬೇಡ ಎಂದು ನಾನೇ ಆಣೆ ಮಾಡಿಸಿಕೊಂಡಿದ್ದೆ.

ಇನ್ನು ಮೊದಲನೆಯದು. ಚಳಿಗಾಲದಲ್ಲಿ ಈ ಶಾಲೆಯ ಮುಖ್ಯೋಪಾಧ್ಯಾಯಿನಿ ಬಾಟಲಿಯಲ್ಲಿ ಬಾವಿ ನೀರಿನ ಮಾದರಿ ಹಿಡಿದುಕೊಂಡು ನಮ್ಮ ಪ್ರಯೋಗಾಲಯಕ್ಕೆ ಬಂದಿದ್ದರು. ಮಕ್ಕಳಿಗೆ ಹೊಟ್ಟೆನೋವು ಬರುತ್ತಿತ್ತಂತೆ. ನೀರು ಚೆನ್ನಾಗಿರಲಿಲ್ಲ. ಬಾವಿಯನ್ನೇ ಒಮ್ಮೆ ನೋಡೋಣವೆಂದು ನಾನೇ ಶಾಲೆಗೆ ಹೋದೆ. ಬಾವಿಗೆ ಹೋಗುವ ದಾರಿಯಲ್ಲಿ ದೊಡ್ಡ ತರಗತಿಯ ಕಿಟಕಿ. ಒಳಗೆ ಮಕ್ಕಳೆಲ್ಲ ಸದ್ದಿಲ್ಲದೆ ಬರೆಯುತ್ತಿದ್ದರು, ಮೇಷ್ಟ್ರ ಕುರ್ಚಿ ಖಾಲಿ. ಎಷ್ಟು ಶಿಸ್ತು ಎಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಗಣಿತ ಪುಸ್ತಕದ ಕೊನೆಯಲ್ಲಿ ಅಚ್ಚಾಗಿರುವ ಉತ್ತರಗಳನ್ನು ಸಾಲಾಗಿ ನಕಲು ಮಾಡುತ್ತಿದ್ದರು. ಲೆಕ್ಕ ಇಲ್ಲ, ಬರೀ ಉತ್ತರ. ಗಣಿತದವರು ಬಿಟ್ಟುಹೋಗಿ ಎರಡು ವರ್ಷವಾಗಿತ್ತು. ತರಬೇತಿ ಪಡೆದವರು ಬೇಕೆಂದು ಮೂರು ಸಲ ಜಾಹೀರಾತು ಕೊಟ್ಟರೂ ಒಂದು ಅರ್ಜಿಯೂ ಬಂದಿರಲಿಲ್ಲ.

“ನೀವೇನು ಓದಿದ್ದೀರಿ?” ಎಂದು ಮುಖ್ಯೋಪಾಧ್ಯಾಯಿನಿ ಕೇಳಿದರು. “ಗಣಿತ” ಎಂದೆ. ಅವರು ನನ್ನ ಮುಖವನ್ನೇ ನೋಡುತ್ತ ನಿಂತರು. ಆ ನಿಯಮ ಆಮೇಲೆ ಬಂತು.

ಈ ವರ್ಷ ಪರಿವೀಕ್ಷಕರು ಮೂರು ಸಲ ಬಂದು ನನ್ನ ತರಗತಿಯಲ್ಲಿ ಕೂರುತ್ತಾರೆ. ಕೊನೆಯ ಭೇಟಿಯಲ್ಲಿ ಅವರು ಒಪ್ಪಿದರೆ ಅರ್ಹತಾ ಪತ್ರ ಕಾಯಂ. ಒಪ್ಪದಿದ್ದರೆ ನಾನು ಮನೆಗೆ, ಮಕ್ಕಳು ಮತ್ತೆ ಪುಸ್ತಕದ ಕೊನೆಯ ಪುಟಕ್ಕೆ. ನಿಮ್ಮ ಸಂಘದವರು ಕೇಳುವುದು ಸರಿಯೇ, ನಾನು ಕೈ ಕಲಿಯುವುದು ಯಾರ ಮಕ್ಕಳ ಮೇಲೆ? ಕುರ್ಚಿ ಖಾಲಿ ಇದ್ದ ಮಕ್ಕಳ ಮೇಲೆ, ಅಮ್ಮಾ.

ನಿನ್ನ ಮಗಳು


ಜುಲೈ 11

ಮಗಳಿಗೆ,

ಕಾಗದ ತಲುಪಿತು. ಓದಿದೆ.

ನೀನು ಹೇಳಿದ್ದಕ್ಕೆಲ್ಲ ನನ್ನ ಹತ್ತಿರ ಉತ್ತರವಿದೆ, ಈಗ ಬರೆಯುವುದಿಲ್ಲ. ಎರಡು ವರ್ಷ ಕುರ್ಚಿ ಖಾಲಿ ಬಿಟ್ಟ ಇಲಾಖೆಯನ್ನು ಯಾರೂ ಕೇಳುವುದಿಲ್ಲ, ಯಾರು ಸಿಕ್ಕರೂ ಸಾಕು ಎನ್ನುವ ನಿಯಮ ಮಾತ್ರ ರಾತ್ರೋರಾತ್ರಿ ಬರುತ್ತದೆ. ದೂರದ ಬೆಟ್ಟ ನುಣ್ಣಗೆ. ಹತ್ತಿರ ಹೋಗಿದ್ದೀಯ, ಇನ್ನು ಕಲ್ಲುಮುಳ್ಳು ಗೊತ್ತಾಗುತ್ತದೆ.

ಹಿಮ್ಮಡಿ ಎತ್ತರದ ಚಪ್ಪಲಿ ಹಾಕಿಕೊಂಡು ಹೋಗಬೇಡ. ಬೋರ್ಡಿನ ಮೇಲೆ ಬರೆಯುವಾಗ ಬೋರ್ಡಿಗೆ ಮಾತಾಡಬೇಡ, ಬರೆದು ತಿರುಗಿ ಮಾತಾಡು. ಗಂಟಲು ಕಟ್ಟಿದರೆ ಬಿಸಿನೀರು. ಇಷ್ಟು ಹೇಳುವುದಕ್ಕೆ ಯಾವ ನಿಯಮವೂ ಅಡ್ಡಿಯಿಲ್ಲ ಎಂದುಕೊಂಡಿದ್ದೇನೆ.

ನಿಮ್ಮಪ್ಪನ ಜೊತೆ ಮಾತು ಶುರುವಾಗಿದೆ. ಉಪ್ಪು ಕೊಡಿ, ನೀರು ಕೊಡಿ, ಅಷ್ಟರ ಮಟ್ಟಿಗೆ.

ಅಮ್ಮ


ಆಗಸ್ಟ್ 20

ಅಮ್ಮಾ,

ಚಪ್ಪಲಿ ಬದಲಾಯಿಸಿದೆ. ಬೋರ್ಡಿಗೆ ಮಾತಾಡುವುದನ್ನೂ ಬಿಟ್ಟೆ. ಸಂಜೆ ತರಬೇತಿ ಕೇಂದ್ರಕ್ಕೂ ಹೋಗುತ್ತಿದ್ದೇನೆ. ಅಲ್ಲಿ ಸದ್ಯಕ್ಕೆ ಶಿಕ್ಷಣದ ಇತಿಹಾಸ ನಡೆಯುತ್ತಿದೆ, ತರಗತಿಯಲ್ಲಿ ಬಾಯಿ ತೆರೆದು ಏನು ಹೇಳಬೇಕು ಎಂಬುದು ಎರಡನೆಯ ವರ್ಷಕ್ಕಂತೆ! ಶಾಲೆಯಲ್ಲಿ ಕೇಳೋಣವೆಂದರೆ ಗಣಿತ ಗೊತ್ತಿರುವ ಇನ್ನೊಬ್ಬರಿಲ್ಲ. ಪ್ರತಿಯೊಬ್ಬ ಹೊಸಬರಿಗೂ ಒಬ್ಬ ಅನುಭವಿ ‘ಜೊತೆ ಶಿಕ್ಷಕ’ರನ್ನು ಕೊಡಬೇಕು ಎಂದು ನಿಯಮದಲ್ಲಿದೆ. ಕೊಟ್ಟಿಲ್ಲ, ಏಕೆಂದರೆ ಇಲ್ಲ.

ಆದರೂ ನನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಪ್ರಯೋಗಾಲಯದಲ್ಲಿ ಒಂದು ಸಲ ಅಳೆದ ಅಳತೆಯನ್ನು ನಾವು ನಂಬುತ್ತಿರಲಿಲ್ಲ. ಮೂರು ಸಲ ಅಳೆದು ಮೂರೂ ಒಂದೇ ಬಂದರೆ ಮಾತ್ರ ಸಹಿ. ಇಲ್ಲಿಯೂ ಹಾಗೇ. ಯಾರು ಉತ್ತರ ಹೇಳಿದರೂ “ಇನ್ನೊಮ್ಮೆ ಮಾಡಿ ನೋಡು” ಎನ್ನುತ್ತೇನೆ. ಸರಿ, ತಪ್ಪು ಎರಡನ್ನೂ ನಾನಾಗಿ ಹೇಳುವುದಿಲ್ಲ. ತಮ್ಮ ಉತ್ತರವನ್ನು ತಾವೇ ಪರೀಕ್ಷಿಸುವುದನ್ನು ಕಲಿಯಲಿ.

ಜೂನ್‌ನಲ್ಲಿ ನಾನು ನಾನು ಎಂದು ಕೈ ಎತ್ತುತ್ತಿದ್ದ ಮಕ್ಕಳು ಈಗ ಸುಮ್ಮನೆ ಕೂರುತ್ತಾರೆ. ಗಂಭೀರವಾಗಿ ಯೋಚಿಸುವುದನ್ನು ಕಲಿಯುತ್ತಿದ್ದಾರೆ ಎಂದುಕೊಂಡಿದ್ದೇನೆ. ಎರಡನೆಯ ಬೆಂಚಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಮಿಕ್ಕವರಿಗಿಂತ ಚುರುಕು. ಅವಳ ರಬ್ಬರು ಮಾತ್ರ ಬೇಗ ಬೇಗ ಸವೆಯುತ್ತದೆ. ತರಗತಿಯಲ್ಲಿ ಅವಳನ್ನು ‘ರಬ್ಬರ್’ ಎಂದೇ ಕರೆಯುತ್ತಾರೆ.

ಮುಂದಿನ ತಿಂಗಳು ಮೊದಲ ಭೇಟಿ. ನಾನು ಸಿದ್ಧ.

ನಿನ್ನ ಮಗಳು


ಸೆಪ್ಟೆಂಬರ್ 15

ಅಮ್ಮಾ,

ಹೋದ ಕಾಗದಕ್ಕೆ ನಿನ್ನ ಉತ್ತರ ಬಂದಿಲ್ಲ. ಬರುವ ತನಕ ಕಾಯುವಷ್ಟು ತಾಳ್ಮೆ ನನಗಿಲ್ಲ.

ಪರಿವೀಕ್ಷಕರು ಬಂದಿದ್ದರು. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಿಸಿ ಕೂತರು. ನಾನು ಬೋರ್ಡಿನ ಮೇಲೆ ನಲ್ಲಿಯ ಲೆಕ್ಕ ಬರೆದೆ. ಒಂದು ನಲ್ಲಿ ತೊಟ್ಟಿಯನ್ನು ಆರು ಗಂಟೆಯಲ್ಲಿ ತುಂಬಿಸುತ್ತದೆ, ಇನ್ನೊಂದು ಮೂರು ಗಂಟೆಯಲ್ಲಿ. ಎರಡನ್ನೂ ಬಿಟ್ಟರೆ ಎಷ್ಟು ಹೊತ್ತು?

ರಬ್ಬರ್ ಬಂದು ಚೆಂದವಾಗಿ ಮಾಡಿದಳು. ಎರಡು ಗಂಟೆ. ಸರಿಯಾದ ಉತ್ತರ. ನಾನು ಎಂದಿನ ಹಾಗೆ, “ಇನ್ನೊಮ್ಮೆ ಮಾಡಿ ನೋಡು” ಎಂದೆ. ಅವಳು ನನ್ನ ಮುಖ ನೋಡಿದಳು. ಡಸ್ಟರು ತೆಗೆದುಕೊಂಡು ಪೂರ್ತಿ ಒರೆಸಿದಳು. ನಾಲ್ಕೂವರೆ ಎಂದು ಬರೆದಳು. ನನಗೆ ಗಾಬರಿಯಾಯಿತು. ಮತ್ತೆ, “ಇನ್ನೊಮ್ಮೆ” ಎಂದೆ. ಅದನ್ನೂ ಒರೆಸಿ ಒಂಬತ್ತು ಎಂದು ಬರೆದಳು. ಒಂದೇ ನಲ್ಲಿ ಮೂರು ಗಂಟೆಯಲ್ಲಿ ತುಂಬಿಸುವ ತೊಟ್ಟಿಗೆ ಎರಡು ನಲ್ಲಿ ಬಿಟ್ಟರೆ ಒಂಬತ್ತು ಗಂಟೆ! ಬೆಂಚುಗಳಲ್ಲಿ ಒಬ್ಬರೂ ನಗಲಿಲ್ಲ. ಎಲ್ಲರೂ ತಮ್ಮ ತಮ್ಮ ಪುಸ್ತಕದಲ್ಲಿ ಎರಡನ್ನು ಅಳಿಸಿ ಒಂಬತ್ತು ಬರೆದುಕೊಂಡರು.

ಪರಿವೀಕ್ಷಕರು ‘ತೃಪ್ತಿಕರವಾಗಿಲ್ಲ’ ಎಂದು ಬರೆದು ಹೋದರು. ಯಾಕೆ ಎಂದು ಕೇಳಿದೆ. “ನಿಮ್ಮ ಮಕ್ಕಳಿಗೆ ಲೆಕ್ಕ ಬರುತ್ತೆ ಮೇಡಂ. ಬರುತ್ತೆ ಅನ್ನೋದು ಅವರಿಗೆ ಗೊತ್ತಿಲ್ಲ” ಎಂದರು. ಅಷ್ಟೇ ಹೇಳಿ ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟರು.

ನಿನ್ನ ಸಂಘದ ಕಾರ್ಯದರ್ಶಿಯನ್ನು ನಾನು ಕೇಳುತ್ತಿಲ್ಲ. ನಿನ್ನನ್ನು ಕೇಳುತ್ತಿದ್ದೇನೆ. ನಾನು ಮಾಡಿದ್ದರಲ್ಲಿ ಏನು ತಪ್ಪು? ದಯವಿಟ್ಟು ಹೇಳು.

ನಿನ್ನ ಮಗಳು


ಸೆಪ್ಟೆಂಬರ್ 19

ಪುಟ್ಟಕ್ಕ,

ನಿನ್ನ ಕಾಗದ ಮಧ್ಯಾಹ್ನ ಬಂತು. ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಬರೆಯುತ್ತಿದ್ದೇನೆ.

ಅಯ್ಯೋ ಹುಚ್ಚಿ, ಬಾಟಲಿಗೆ ಕಿವಿಯಿಲ್ಲ ಕಣೇ. ಪ್ರಯೋಗಾಲಯದಲ್ಲಿ ನೀನು ನೀರನ್ನು ಹತ್ತು ಸಲ ಅಳೆದರೂ ನೀರು ತನ್ನನ್ನು ತಾನು ಬದಲಾಯಿಸಿಕೊಳ್ಳುವುದಿಲ್ಲ. ಮಗು ಬದಲಾಯಿಸಿಕೊಳ್ಳುತ್ತದೆ. ಮೇಷ್ಟ್ರ ಬಾಯಲ್ಲಿ ‘ಇನ್ನೊಮ್ಮೆ ಮಾಡು’ ಎಂದು ಬಂದರೆ ಅದರ ಅರ್ಥ ‘ತಪ್ಪು’ ಎಂದು ಲೋಕದ ಎಲ್ಲ ಮಕ್ಕಳಿಗೂ ಗೊತ್ತು. ನಿನಗೊಬ್ಬಳಿಗೆ ಗೊತ್ತಿರಲಿಲ್ಲ. ಜೂನ್‌ನಿಂದ ನೀನು ಸರಿ ಉತ್ತರ ಹೇಳಿದವರಿಗೆಲ್ಲ ತಪ್ಪು ತಪ್ಪು ಎನ್ನುತ್ತಾ ಬಂದಿದ್ದೀಯ. ಅವರು ಗಂಭೀರವಾಗಿ ಯೋಚಿಸುತ್ತಿಲ್ಲ, ಹೆದರಿ ಕೂತಿದ್ದಾರೆ.

ಏನು ಮಾಡಬೇಕು, ಕೇಳು. ಉತ್ತರ ಸರಿಯಿದ್ದರೆ ಮೊದಲು ‘ಸರಿ’ ಎನ್ನು. ಬಾಯಿ ತುಂಬ ಹೇಳು, ಜಿಪುಣತನ ಬೇಡ. ಆಮೇಲೆ ‘ಹೇಗೆ ಬಂತು?’ ಎಂದು ಕೇಳು. ಉತ್ತರ ತಪ್ಪಿದ್ದರೂ ‘ಹೇಗೆ ಬಂತು?’ ಎಂದೇ ಕೇಳು, ಅದೇ ದನಿಯಲ್ಲಿ, ಅದೇ ಮುಖದಲ್ಲಿ. ಹೇಳುತ್ತಾ ಹೇಳುತ್ತಾ ಎಲ್ಲಿ ಜಾರಿದೆ ಎಂದು ಅವರಿಗೇ ಕಾಣುತ್ತದೆ. ಪರೀಕ್ಷಿಸುವುದನ್ನು ಕಲಿಸಬೇಕು ಎನ್ನುವ ನಿನ್ನ ಆಸೆಗೆ ನನ್ನ ತಕರಾರಿಲ್ಲ. ದಾರಿ ಇದು.

ಇನ್ನು ಸಂಘದ ಕಾರ್ಯದರ್ಶಿಯ ಮಾತು. ನೀನು ಕೇಳದಿದ್ದರೂ ಹೇಳುತ್ತೇನೆ. ನಮ್ಮ ಕಾಲದ ತರಬೇತಿಯಲ್ಲಿ ಇದನ್ನು ಎರಡನೆಯ ವಾರದಲ್ಲೇ ಕಲಿಸಿಬಿಡುತ್ತಿದ್ದರು, ಹಿಂದೆ ಒಬ್ಬರು ಕೂತು ನೋಡುತ್ತಿದ್ದರು, ಸಂಜೆಗೆ ಕಿವಿ ಹಿಂಡುತ್ತಿದ್ದರು. ನೀನು ಸೆಪ್ಟೆಂಬರ್‌ಗೆ ಕಲಿತೆ. ನಡುವಿನ ತಿಂಗಳುಗಳನ್ನು ಕಳೆದುಕೊಂಡವಳು ನೀನಲ್ಲ, ಆ ರಬ್ಬರ್ ಹುಡುಗಿ. ನಾನು ಸಹಿ ಹಾಕಿದ್ದು ಇದಕ್ಕೇ.

ಈಗ ಹೋಗಿ ಮಲಗು. ಅಳಬೇಡ. ಅತ್ತಿದ್ದೀಯ ಎಂದು ನಿನ್ನ ಅಕ್ಷರದಲ್ಲೇ ಕಾಣುತ್ತದೆ, ಸಾಲುಗಳೆಲ್ಲ ಕೆಳಕ್ಕೆ ಜಾರಿವೆ.

ಅಮ್ಮ


ನವೆಂಬರ್ 27

ಅಮ್ಮಾ,

ಇಷ್ಟು ದಿನ ಬರೆಯದಿದ್ದಕ್ಕೆ ಕೆಲಸ ಒಂದು ಕಾರಣ, ಕೋಪ ಇನ್ನೊಂದು. ಮೊದಲು ಕೆಲಸದ್ದು ಹೇಳುತ್ತೇನೆ.

ನೀನು ಹೇಳಿದಂತೆಯೇ ಮಾಡುತ್ತಿದ್ದೇನೆ. ಹಳೆಯ ಚಾಳಿ ಬೇಗ ಬಿಡುವುದಿಲ್ಲ, ನಾಲಿಗೆಯ ತುದಿಗೆ ‘ಇನ್ನೊಮ್ಮೆ’ ಬಂದಾಗಲೆಲ್ಲ ಕೆಮ್ಮುತ್ತೇನೆ. ಮೇಡಂಗೆ ನೆಗಡಿ ಎಂದು ಒಬ್ಬ ಹುಡುಗ ಶುಂಠಿ ತಂದುಕೊಟ್ಟ. ಒಂದು ದಿನ ಮಕ್ಕಳ ಎದುರೇ ಹೇಳಿಬಿಟ್ಟೆ, “ನೋಡಿ, ಇಷ್ಟು ದಿನ ನಾನು ಇನ್ನೊಮ್ಮೆ ಮಾಡಿ ಅಂದಾಗ ನಿಮ್ಮ ಉತ್ತರ ತಪ್ಪು ಅಂತಲ್ಲ” ಎಂದು. ಹಿಂದಿನ ಬೆಂಚಿನವನು ಎದ್ದು, “ಮತ್ತೆ ಸರಿ ಅಂತ ಹೇಳೋಕೆ ಏನಾಗಿತ್ತು ಮಿಸ್?” ಎಂದ. ಎಲ್ಲರೂ ನಕ್ಕರು. ಜೂನ್ ನಂತರ ಆ ಕೋಣೆಯಲ್ಲಿ ಮೊದಲ ಸಲ ನಗು ಕೇಳಿದೆ. ರಬ್ಬರ್ ಮಾತ್ರ ನಗಲಿಲ್ಲ. ನಾನು ‘ಸರಿ’ ಎಂದರೂ ಅವಳಿಗೆ ನಂಬಿಕೆಯಿಲ್ಲ, ಕೈ ತಾನಾಗಿ ಡಸ್ಟರಿನ ಕಡೆ ಹೋಗುತ್ತದೆ.

ಎರಡನೆಯ ಭೇಟಿಯೂ ಆಯಿತು. ‘ಸುಧಾರಿಸಿದೆ, ಸಾಲದು’ ಎಂದು ಬರೆದಿದ್ದಾರೆ. ಮಾರ್ಚ್‌ನಲ್ಲಿ ಕೊನೆಯದು.

ಇನ್ನು ಕೋಪದ್ದು. ಆ ಹುಡುಗ ಕೇಳಿದ ಪ್ರಶ್ನೆ ನನ್ನೊಳಗೇ ತಿರುಗುತ್ತಿದೆ. ಸರಿಯಿದ್ದರೆ ಬಾಯಿ ತುಂಬ ‘ಸರಿ’ ಎನ್ನು, ಜಿಪುಣತನ ಬೇಡ ಎಂದು ಬರೆದಿದ್ದೀಯ. ನಿನ್ನ ತರಗತಿಯ ಮಕ್ಕಳು ದಾರಿಯಲ್ಲಿ ಸಿಕ್ಕಾಗ ನಿನ್ನ ಸುತ್ತ ಮುತ್ತಿಕೊಳ್ಳುತ್ತಿದ್ದದ್ದು ನೆನಪಿದೆ. ಮನೆಯಲ್ಲಿ ನಾನು ಪುಸ್ತಕ ತೋರಿಸಿದಾಗ ನೀನು ನೋಡುತ್ತಿದ್ದೆ, ವಾಪಸು ಕೊಡುತ್ತಿದ್ದೆ, “ಹೂಂ, ಮುಂದಿನದು ಮಾಡು” ಎನ್ನುತ್ತಿದ್ದೆ. ನಾನು ಎಲ್ಲಿಯಾದರೂ ಒಮ್ಮೆ ನಿನ್ನ ಬಾಯಲ್ಲಿ ‘ಸರಿ’ ಕೇಳಿದ್ದೇನೆಯೇ ಎಂದು ಯೋಚಿಸಿ ಯೋಚಿಸಿ ಸೋತೆ. ನನಗೆ ತರಬೇತಿ ಇರಲಿಲ್ಲ, ನಿನಗಿತ್ತಲ್ಲ ಅಮ್ಮಾ?

ನಿಯಮ ಇರಬೇಕೋ ಬೇಡವೋ ಎಂದು ತೀರ್ಮಾನಿಸುವ ಸಮಿತಿಯ ಮುಂದೆ ಜನವರಿಯಲ್ಲಿ ನೀನು ಮಾತಾಡುತ್ತೀಯಂತೆ. ಅಪ್ಪ ಫೋನಿನಲ್ಲಿ ಹೇಳಿದರು. ಹೋಗಬೇಡ ಎನ್ನುವುದಿಲ್ಲ. ನಿಯಮ ಹೋದರೆ ನನ್ನ ಮೂರನೆಯ ಭೇಟಿಯೂ ಇಲ್ಲ, ಅದು ನಿನಗೆ ಗೊತ್ತಿರಲಿ ಎಂದಷ್ಟೇ ಬರೆಯುತ್ತಿದ್ದೇನೆ.

ನಿನ್ನ ಮಗಳು


ಡಿಸೆಂಬರ್ 18

ಚಿರಂಜೀವಿ ಪುಟ್ಟಕ್ಕನಿಗೆ,

ಅಪ್ಪ ಬರೆಯುವುದು. ಕಾಗದ ಬರೆದು ರೂಢಿಯಿಲ್ಲ, ತಪ್ಪಿದ್ದರೆ ನೀವು ಟೀಚರುಗಳು ತಿದ್ದಿಕೊಳ್ಳಿ.

ನಿಮ್ಮಮ್ಮ ನಿನಗೆ ಉತ್ತರ ಬರೆಯಲು ಕೂರುತ್ತಾಳೆ, ಎದ್ದು ಹೋಗುತ್ತಾಳೆ. ಕಸದ ಬುಟ್ಟಿ ತುಂಬಿದೆ. ಸಮಿತಿಯ ಭಾಷಣವನ್ನು ಅಡುಗೆಮನೆಯಲ್ಲಿ ಅಭ್ಯಾಸ ಮಾಡುತ್ತಾಳೆ. ಮೊದಲೆಲ್ಲ ಜೋರಾಗಿ ಕೇಳುತ್ತಿತ್ತು. ಈಗ ಅರ್ಧಕ್ಕೆ ನಿಲ್ಲುತ್ತದೆ, ಆಮೇಲೆ ಪಾತ್ರೆಯ ಸದ್ದು.

ನೀನು ಕೇಳಿದ ಮಾತಿಗೆ ನನಗೆ ತೋಚಿದ್ದು ಹೇಳುತ್ತೇನೆ. ಇಡೀ ದಿನ ಊರ ಮಕ್ಕಳಿಗೆಲ್ಲ ‘ಸರಿ, ಸರಿ’ ಎಂದು ಹಂಚಿ ಹಂಚಿ, ಮನೆಗೆ ಬರುವ ಹೊತ್ತಿಗೆ ಅವಳ ಹತ್ತಿರ ಖಾಲಿಯಾಗಿರುತ್ತಿತ್ತು. ನನಗೂ ಸಿಗಲಿಲ್ಲ. ನಾನು ಗಡಿಯಾರಗಳ ಜೊತೆ ಇದ್ದುಬಿಟ್ಟೆ, ಅವು ಸರಿಹೋದರೆ ತಾವೇ ಟಿಕ್ ಟಿಕ್ ಎನ್ನುತ್ತವೆ.

ನಾನು ಇದನ್ನು ಬರೆದದ್ದು ಅವಳಿಗೆ ಹೇಳಬೇಡ. ಮತ್ತೆ ಉಪ್ಪು, ನೀರಿಗೆ ಬರುತ್ತದೆ.

ನಿನ್ನ ಅಪ್ಪ


ಜನವರಿ 22

ಪುಟ್ಟಕ್ಕ,

ಸಮಿತಿಯ ಮುಂದೆ ಮಾತಾಡಿ ಬಂದೆ. ಬೇರೆಯವರ ಬಾಯಿಂದ ಕೇಳುವುದು ಬೇಡ ಎಂದು ನಾನೇ ಬರೆಯುತ್ತಿದ್ದೇನೆ. ಆ ಅನುಭವ ನನಗಿದೆ.

ಉದ್ದದ ಮೇಜು, ಆ ಕಡೆ ಐದು ಜನ, ನಡುವೆ ನೀರಿನ ಲೋಟಗಳು. ಮನವಿಯನ್ನು ಓದಿದೆ. ಆರು ವಾರದ ಸೈಕಲ್ಲಿನ ಮಾತನ್ನೂ ಆಡಿದೆ, ಅದನ್ನು ಬಿಡಲಿಲ್ಲ. ಆಮೇಲೆ ಸಂಘದವರು ಬರೆದುಕೊಟ್ಟದ್ದನ್ನು ಮಡಿಸಿಟ್ಟು, ನನಗೆ ಗೊತ್ತಿರುವ ಒಬ್ಬಳು ಹೊಸ ಟೀಚರ ಕತೆ ಹೇಳಿದೆ. ಬಾಟಲಿಯ ಕತೆ. ಯಾರ ಕತೆ ಎಂದು ಹೇಳಲಿಲ್ಲ. ಅವರು ನಕ್ಕರು. “ನಗಬೇಡಿ. ಅವಳು ಸೆಪ್ಟೆಂಬರ್‌ನಲ್ಲಿ ಒಂದು ಕಾಗದ ಬರೆದು ಕೇಳಿದಳು, ನಾಲ್ಕು ಸಾಲಿನಲ್ಲಿ ಸರಿಹೋಯಿತು. ಕೇಳೋಕೆ ಯಾರೂ ಇಲ್ಲದ ಹೊಸಬರು ಎಷ್ಟು ಜನ ಇದ್ದಾರೆ? ಬಾಗಿಲು ತೆಗೆದಿದ್ದೀರಿ, ತೆಗೆದದ್ದು ಮುಚ್ಚಬೇಡಿ. ಆದರೆ ಒಳಗೆ ಬಂದವರನ್ನು ಕತ್ತಲಲ್ಲಿ ನಿಲ್ಲಿಸಬೇಡಿ. ನಿಮ್ಮ ನಿಯಮದಲ್ಲೇ ಇರುವ ಜೊತೆ ಶಿಕ್ಷಕರನ್ನು ಕೊಡಿ” ಎಂದೆ.

ನಮ್ಮ ಡ್ರಾಯಿಂಗ್ ಟೀಚರ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು.

ಅಧ್ಯಕ್ಷರು ನಿಧಾನಿ, ಒಳ್ಳೆಯವರೂ ಹೌದು. “ಒಪ್ಪಿದೆ ಅಮ್ಮಾ. ಆದರೆ ಜೊತೆ ಶಿಕ್ಷಕರು ಎಲ್ಲಿದ್ದಾರೆ? ಇರೋರಿಗೇ ಕೈತುಂಬ ತರಗತಿ. ಬೆಕ್ಕಿಗೆ ಗಂಟೆ ಕಟ್ಟೋರು ಯಾರು?” ಎಂದರು. ನಾನು ಹಿಂದಕ್ಕೆ ತಿರುಗಿ ನೋಡಿದೆ. ನಮ್ಮ ಸಂಘದವರು ಇಪ್ಪತ್ತು ಜನ ಕೂತಿದ್ದರು, ಎಲ್ಲರಿಗೂ ಸಂಜೆ ವಾಕಿಂಗ್ ಬಿಟ್ಟರೆ ಬೇರೆ ಕೆಲಸವಿಲ್ಲ. “ಇಲ್ಲೇ ಇದ್ದಾರಲ್ಲ ಸಾರ್” ಎಂದೆ. ಕೈ ಎತ್ತಿದೆ. ನಮ್ಮ ಅರ್ಹತಾ ಪತ್ರಗಳೆಲ್ಲ ಅವಧಿ ಮುಗಿದು ವರ್ಷಗಳಾಗಿವೆ ಎಂದು ಒಬ್ಬ ಅಧಿಕಾರಿ ನೆನಪಿಸಿದರು. ಅದಕ್ಕೂ ನಿಯಮವನ್ನು ಸ್ವಲ್ಪ ಸಡಿಲಿಸಬೇಕಾಗುತ್ತದೆ ಎಂದರು. “ಸಡಿಲಿಸಿ” ಎಂದೆ! ಈ ಬಾಯಿಂದ! ನಿಮ್ಮಪ್ಪ ಕೇಳಿ ಎಷ್ಟು ನಕ್ಕರೆಂದರೆ ಕಣ್ಣಿನ ಭೂತಗನ್ನಡಿ ಬಿದ್ದು ಮೇಜಿನ ಕೆಳಗೆ ಉರುಳಿತು.

ನಿನ್ನ ಶಾಲೆಗೇ ಬರುತ್ತೇನೆ ಎಂದು ಬರೆದುಕೊಟ್ಟೆ. ರಕ್ತಸಂಬಂಧ ಇರುವವರಿಗೆ ಜೊತೆ ಶಿಕ್ಷಕರಾಗುವಂತಿಲ್ಲವಂತೆ. ಆ ಕತೆಯ ಟೀಚರು ಯಾರೆಂದು ಅವರಿಗೆ ಆಗ ಗೊತ್ತಾಯಿತು. ಹಾಗಾಗಿ ನನಗೆ ಇದೇ ಊರಿನಲ್ಲಿ ಒಬ್ಬ ಹುಡುಗನನ್ನು ಕೊಟ್ಟಿದ್ದಾರೆ. ವಿಜ್ಞಾನದ ಪದವಿ ಇದೆ, ಏಳು ವರ್ಷ ಅಪ್ಪನ ಬೇಕರಿಯಲ್ಲಿ ಬ್ರೆಡ್ಡು ಸುಡುತ್ತಿದ್ದವನು. ಫೆಬ್ರವರಿಯಿಂದ ಶುರು. ನಿಯಮ ಸದ್ಯಕ್ಕೆ ಉಳಿಯಿತು, ನಿನ್ನ ಮೂರನೆಯ ಭೇಟಿಯೂ.

ನಿನ್ನ ನವೆಂಬರ್ ಕಾಗದ ಮೇಜಿನ ಮೇಲೇ ಇದೆ. ಉತ್ತರ ಕೊಡಬೇಕು. ಇನ್ನೂ ಆಗಿಲ್ಲ.

ಅಮ್ಮ


ಮಾರ್ಚ್ 16

ಅಮ್ಮಾ,

ನಿನ್ನೆ ಕೊನೆಯ ಭೇಟಿ ಆಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅದೇ ಪರಿವೀಕ್ಷಕರು, ಅದೇ ಹಿಂದಿನ ಬೆಂಚು. ಪಾಠ ಹದವಾಗಿ ನಡೆಯಿತು. ಒಂದು ಕಡೆ ನಾನೇ ಕಳೆಯುವ ಗುರುತು ಬಿಟ್ಟುಬಿಟ್ಟೆ. ಶುಂಠಿ ತಂದಿದ್ದ ಹುಡುಗ ಎದ್ದು, “ಅದು ಹೇಗೆ ಬಂತು ಮಿಸ್?” ಎಂದ. ನನ್ನದೇ ದನಿ, ನನ್ನದೇ ಮುಖ. ಹೇಳುತ್ತಾ ಹೇಳುತ್ತಾ ಜಾರಿದ್ದು ಕಂಡಿತು, ತಿದ್ದಿದೆ. ಪರಿವೀಕ್ಷಕರು ಏನೋ ಬರೆದುಕೊಂಡರು. ಮುಗಿಯಿತು ಎಂದುಕೊಂಡೆ.

ಆಮೇಲೆ ಅವರೇ ಎದ್ದು ಮುಂದೆ ಬಂದು ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದರು. ತೊಟ್ಟಿಗೆ ಎರಡು ನಲ್ಲಿ, ಕೆಳಗೊಂದು ತೂತು. “ನೀನು ಬಾಮ್ಮ” ಎಂದು ರಬ್ಬರನ್ನು ಕರೆದರು. ಮೊದಲ ಭೇಟಿಯಲ್ಲಿ ಅವಳು ಒರೆಸಿದ್ದನ್ನು ಅವರು ಮರೆತಿರಲಿಲ್ಲ. ಅವಳು ಮಾಡಿದಳು. ಉತ್ತರ ಬರೆದು ಪಕ್ಕಕ್ಕೆ ನಿಂತಳು. ಸರಿಯಾಗಿತ್ತು. ನಾನು ‘ಸರಿ’ ಎನ್ನಲು ಬಾಯಿ ತೆರೆದೆ. ಅವರು ನನ್ನ ಕಡೆ ಕೈ ತೋರಿಸಿ ತಡೆದರು. ಅವಳ ಕಡೆ ತಿರುಗಿ, “ಖಂಡಿತಾನಾ? ಇನ್ನೊಮ್ಮೆ ಮಾಡಿ ನೋಡು” ಎಂದರು.

ಅಮ್ಮಾ, ಅವಳ ಕೈ ಡಸ್ಟರಿಗೆ ಹೋಯಿತು, ತೆಗೆದುಕೊಂಡೂ ಬಿಟ್ಟಳು. ಅವಳು ಬೋರ್ಡನ್ನು ಮೇಲಿಂದ ಕೆಳಗೆ ಓದಿದಳು, ತುಟಿ ಅಲ್ಲಾಡುತ್ತಿತ್ತು. ಆಮೇಲೆ ಡಸ್ಟರನ್ನು ಮೇಜಿನ ಮೇಲೆ ಇಟ್ಟಳು.

“ಬೇಡ ಸಾರ್. ಸರಿಯಾಗಿದೆ” ಎಂದಳು. “ಬೇಕಾದ್ರೆ ಹೇಗೆ ಬಂತು ಅಂತ ಹೇಳ್ತೀನಿ.”

ಹೇಳಿದಳು. ಪೂರ್ತಿ ಕೇಳಿ ಅವರು ನನ್ನ ಕಡೆ ತಿರುಗಿ ತಲೆಯಾಡಿಸಿದರು. ಅರ್ಹತಾ ಪತ್ರ ಕಾಯಂ ಮಾಡಲು ಶಿಫಾರಸು ಬರೆದಿದ್ದಾರೆ. ಸಂಜೆಯ ತರಬೇತಿಯನ್ನು ಇನ್ನೊಂದು ವರ್ಷ ಮುಗಿಸಬೇಕು ಎಂಬ ಷರತ್ತೂ ಇದೆ, ಅದು ನಿನಗೆ ಸಮಾಧಾನವಾಗಬಹುದು. ಹೊರಡುವಾಗ, “ನಿಮಗೆ ಜೊತೆ ಶಿಕ್ಷಕರು ಇದ್ದರಾ? ದಾಖಲೆಯಲ್ಲಿ ಯಾರೂ ಇಲ್ಲವಲ್ಲ” ಎಂದು ಕೇಳಿದರು. “ಅಂಚೆಯಲ್ಲಿ ಇದ್ದರು” ಎಂದೆ. ಅವರಿಗೆ ಅರ್ಥವಾದಂತೆ ಕಾಣಲಿಲ್ಲ.

ನವೆಂಬರ್ ಕಾಗದಕ್ಕೆ ಉತ್ತರ ಬೇಕಿಲ್ಲ ಅಮ್ಮಾ. ಕೋಪದಲ್ಲಿ ಬರೆದದ್ದು. ಬಿಟ್ಟುಬಿಡು.

ನಿನ್ನ ಮಗಳು


ಮಾರ್ಚ್ 24

ಪ್ರೀತಿಯ ಪುಟ್ಟಕ್ಕ,

ನಿನ್ನ ಕಾಗದವನ್ನು ನಿಮ್ಮಪ್ಪ ಅಂಗಡಿಗೆ ತೆಗೆದುಕೊಂಡು ಹೋಗಿ, ಗಡಿಯಾರ ರಿಪೇರಿಗೆ ಬಂದವರಿಗೆಲ್ಲ ಓದಿ ಹೇಳುತ್ತಿದ್ದಾರೆ. ತೂತಿನ ತೊಟ್ಟಿಯ ಲೆಕ್ಕವನ್ನು ತಾವೂ ಮಾಡಿ ನೋಡಿದರು. ಬರಲಿಲ್ಲ.

ನನ್ನ ಬೇಕರಿಯವನ ಸುದ್ದಿ ಕೇಳು. ಹುಡುಗ ಚಿನ್ನದಂಥವನು, ಪಾಠ ಚೆನ್ನಾಗಿ ಮಾಡುತ್ತಾನೆ, ಆದರೆ ಮಕ್ಕಳು ಬರೆಯುವಾಗ ಕೈ ಕಟ್ಟಿ ಗೋಡೆಗೆ ಒರಗಿ ನಿಂತುಬಿಡುತ್ತಾನೆ. ಒಂದು ಪುಸ್ತಕಕ್ಕೂ ಇಣುಕುವುದಿಲ್ಲ. ಯಾಕಪ್ಪಾ ಎಂದೆ. “ಒಲೆ ಬಾಗಿಲು ಮಧ್ಯದಲ್ಲಿ ತೆಗೆದ್ರೆ ಬ್ರೆಡ್ಡು ಕುಸಿದುಬಿಡುತ್ತೆ ಟೀಚರ್, ಅದಕ್ಕೇ ಪೂರ್ತಿ ಆಗ್ಲಿ ಅಂತ” ಎಂದ! ನಿನಗೆ ಬಾಟಲಿ, ಇವನಿಗೆ ಬ್ರೆಡ್ಡು. ಈಗ ಬೆಂಚುಗಳ ನಡುವೆ ಓಡಾಡುವುದನ್ನು ಕಲಿಸುತ್ತಿದ್ದೇನೆ. ಹಿಂದಿನ ಬೆಂಚಿನಲ್ಲಿ ಕೂತು ನನ್ನ ಮಂಡಿ ಹಿಡಿದುಕೊಂಡಿದೆ, ಆದರೂ ವಾರಕ್ಕೆ ಮೂರು ದಿನ ಬೆಳಗ್ಗೆ ಬೇಗ ಎಚ್ಚರವಾಗುತ್ತದೆ. ಡ್ರಾಯಿಂಗ್ ಟೀಚರೂ ಅರ್ಜಿ ಹಾಕಿದ್ದಾರೆ.

ನಿನ್ನ ನವೆಂಬರ್ ಕಾಗದವನ್ನು ಇವತ್ತು ಮತ್ತೆ ಓದಿದೆ. ಉತ್ತರ ಬೇಕಿಲ್ಲ ಎಂದಿದ್ದೀಯ. ಟೀಚರಾಗಿ ಒಂದು ವರ್ಷವಾಗಿಲ್ಲ, ಆಗಲೇ ಪ್ರಶ್ನೆಯನ್ನು ವಾಪಸು ತೆಗೆದುಕೊಳ್ಳುತ್ತೀಯಾ? ಕೇಳಿದ ಪ್ರಶ್ನೆಗೆ ಉತ್ತರ ಬರಲೇಬೇಕು.

ಪ್ರಯೋಗಾಲಯ ಬಿಟ್ಟು ಆ ಖಾಲಿ ಕುರ್ಚಿಯ ಹತ್ತಿರ ಹೋದೆಯಲ್ಲ, ಅದು ಸರಿ. ನನ್ನನ್ನು ಕೇಳದೆ ಹೋದೆಯಲ್ಲ, ಅದೂ ಸರಿ. ಇನ್ನೊಮ್ಮೆ ಮಾಡಿ ನೋಡಬೇಕಾಗಿಲ್ಲ.

ರಜೆಗೆ ಬಾ. ಬಂದಾಗ ನಿನ್ನ ಹಳೆಯ ಲೆಕ್ಕದ ಪುಸ್ತಕ ಯಾವುದಾದರೂ ಉಳಿದಿದ್ದರೆ ತಾ, ನೋಡುತ್ತೇನೆ. ಈ ಸಲ ನೀನು ಪಕ್ಕದಲ್ಲೇ ಕೂತಿರು, ಹೇಗೆ ಬಂತು ಎಂದು ಕೇಳುತ್ತೇನೆ.

ನಿನ್ನ ಅಮ್ಮ